ಜೋಳದೊಳಗೆ ಬೆಚ್ಚಗಿಟ್ಟ ಚರ್ಮ

ಜನವರಿ 9, ಬೆಳಿಗ್ಗೆ 7.10. ಚಳಿಯಲ್ಲೂ ಹೆಪ್ಪುಗಟ್ಟಲೆಂದು ಜೋಳದ ಡಬ್ಬಿಯಲ್ಲಿ ಬೆಚ್ಚಗೆ ಹುಗಿದಿಟ್ಟಿದ್ದ ಮೊಸರಿನ ಪಾತ್ರೆಯನ್ನು ಇನ್‌ಸ್ಪೆಕ್ಟರ್ ರಾಜೇಶ್ವರಿ ಹೊರತೆಗೆಯುತ್ತಿದ್ದಾಗ ಠಾಣೆಯಿಂದ ಫೋನ್ ಬಂತು. ಸೊಲ್ಲಾಪುರ ರಸ್ತೆಯ ಪ್ರಯೋಗಾಲಯದಲ್ಲಿ ಕಳವು.

ದೂರು ಕೊಟ್ಟವರು ಡಾ. ಸುಶೀಲೇಂದ್ರ. ಸುಟ್ಟವರ ಜೀವಕೋಶಗಳನ್ನೇ ಬೆಳೆಸಿ, ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸಿ ಹೊಸ ಚರ್ಮ ತಯಾರಿಸುವುದು ಅವರ ಕೆಲಸ. ತಿಕೋಟಾದ ಏಳು ವರ್ಷದ ಪೂರ್ವಾಳಿಗೆಂದು ಸಿದ್ಧವಾಗಿದ್ದ ಅಂಗೈಯಗಲದ ಚರ್ಮ ಪೆಟ್ಟಿಗೆಯ ಸಮೇತ ಕಾಣೆಯಾಗಿತ್ತು. 7.45ಕ್ಕೆ ಎಫ್‌ಐಆರ್ ದಾಖಲಾಯಿತು.

“ಹನ್ನೆರಡಕ್ಕ ಆಪರೇಶನ್ ಐತ್ರಿ. ಮತ್ತೊಂದು ಮಾಡಾಕ ತಿಂಗಳ ಬೇಕು. ಗಾಯ ಅಲ್ಲೀತನಾ ತಡಿಯೂದಿಲ್ಲ.”

“ಬ್ಯಾರೇದವ್ರಿಗೆ ಹಚ್ಚಾಕ ಬರತೈತೇನು?”

“ಇಲ್ಲ. ಅಕೀದು ಅಕೀಗಷ್ಟ ಹತ್ತತೈತಿ.”

ಬೀಗ ಮುರಿದಿರಲಿಲ್ಲ. ಐಸ್ ಪೆಟ್ಟಿಗೆಗಳು ಇಟ್ಟಲ್ಲೇ ಇದ್ದವು.

“ತಂಪಿನಾಗ ಇಟ್ಟರ?”

“ಸಾಯತೈತಿ. ಮೈ ಬಿಸಿಯಷ್ಟ ಬೆಚ್ಚಗಿರಬೇಕು.”

“ಅದು ಯಾರ‍್ಯಾರಿಗೆ ಗೊತ್ತು?”

“ನಮಗ. ಮತ್ತ... ಮುಂಜಾನೆ ಬಾಗಲಾ ತಗದು ಕಸಾ ಹೊಡಿಯೂ ನಂದಾಗ. ಮೊಸರಿನಂಗ ಬೆಚ್ಚಗಿಡಬೇಕೇನ್ರಿ ಅಂತ ಒಮ್ಮೆ ಕೇಳಿ ನಕ್ಕಿದ್ಲು.”

ಇಬ್ರಾಹಿಂಪುರದ ನಂದಾಳ ಖೋಲಿಗೆ ಬೀಗ. ಪಕ್ಕದ ಮನೆಯ ಯಾಕೂಬ ಹೇಳಿದ: “ಆರರ ಬಸ್ಸಿಗೆ ತವರಮನಿ ನಿಡೋಣಿಗೆ ಹೋದ್ಲ್ರಿ. ಶಾಲಿನಾಗ ಏನೋ ಎದಿಗೆ ಅವಚಿಕೊಂಡಿದ್ಲು. ಹೊಸಾ ಕೂಸೇನವಾ ಅಂತ ಚಾಷ್ಟಿ ಮಾಡಿದ್ರ ಇನ್ನಷ್ಟ ಬಿಗಿ ಹಿಡಕೊಂಡು ಸರಸರ ಹೋದ್ಲು.”

9.30ಕ್ಕೆ ಜೀಪು ಬಬಲೇಶ್ವರ ದಾಟಿ ನಿಡೋಣಿ ಸೇರಿತು. ತವರುಮನೆಯಲ್ಲಿ ನಂದಾ ಬಾಗಿಲಿಗೊರಗಿ ನಿಂತಿದ್ದಳು; ಹೆಡ್ ಕಾನ್‌ಸ್ಟೇಬಲ್ ಸಿದ್ದರಾಮ ಟ್ರಂಕು, ಹಾಸಿಗೆ ಜಾಲಾಡಿದ. ರಾಜೇಶ್ವರಿ ನೇರವಾಗಿ ಜೋಳದ ಡಬ್ಬಿಯ ಹತ್ತಿರ ಹೋದರು.

“ಅದರಾಗ ಕಾಳದಾವ್ರಿ, ಮೇಡಮ್ಮಾರ,” ಎಂದಳು ನಂದಾಳ ತಾಯಿ ಸಕ್ರವ್ವ.

“ನಮ್ಮ ಮನ್ಯಾಗೂ ಕಾಳದಾವ, ಯವ್ವಾ. ಮುಂಜಾನೆ ಅದರಾಗ ಮೊಸರೂ ಇತ್ತು.”

ಮೊಣಕೈ ಮುಳುಗುವಷ್ಟು ಆಳದಲ್ಲಿ ಪೆಟ್ಟಿಗೆ ಸಿಕ್ಕಿತು. ಮೊಹರು ಹಾಗೇ ಇತ್ತು. ಅದರ ಉಷ್ಣಮಾಪಕದಲ್ಲಿ 35 ಡಿಗ್ರಿ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮುಗಿಸಿ, 10.05ಕ್ಕೆ ಸಿದ್ದರಾಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ.

ಮೂಲೆಯಲ್ಲಿ ನಂದಾಳ ಎಂಟು ವರ್ಷದ ಮಗಳು ಅರ್ಧ ಮುಖಕ್ಕೆ ಟಾವೆಲ್ ಸುತ್ತಿಕೊಂಡು ಕುಳಿತಿದ್ದಳು.

“ಹಂಡೆದ ನೀರು ಬಿದ್ದು ಎರಡ ವರ್ಷ ಆತ್ರಿ,” ನಂದಾ ಹೇಳಿದಳು. “ಸಾಲಿಗೆ ಹೋಗವಲ್ಲಳು. ಇದನ್ನ ಹಚ್ಚಿದ್ರ ಟಾವೆಲ್ ತಗೀತಾಳ ಅಂದ್ಕೊಂಡೆ.”

“ಮತ್ತ ಯಾಕ ಹಚ್ಚಲಿಲ್ಲ?”

“ಇಕೀನ ಪೆಟಗಿ ಮ್ಯಾಲಿನ ಪೂರ್ವಾನ ಹೆಸರ ಓದಿದ್ಲ್ರಿ. ಆಮ್ಯಾಲೆ ನನಗ ಅದನ್ನ ಮುಟ್ಟಗೊಡಲಿಲ್ಲ.”

11.20ಕ್ಕೆ ಸುಶೀಲೇಂದ್ರರ ಫೋನ್: “ಜೀವ ಐತ್ರಿ!”

11.25ಕ್ಕೆ ನಂದಾಳನ್ನು ಬಂಧಿಸಲಾಯಿತು. ಹೊಸ್ತಿಲಲ್ಲಿ ಪುಟ್ಟ ಕೈಯೊಂದು ರಾಜೇಶ್ವರಿಯವರ ತೋಳು ಹಿಡಿದು ನಿಲ್ಲಿಸಿತು.

“ಮೇಡಮ್ಮಾರ, ಪೂರ್ವಾಗೂ ನನ್ನಂಗ ಮಾರೀನ ಸುಟ್ಟೈತೇನ್ರಿ?”