ಹಂಸಮುದ್ರೆ ಅರಮನೆಯಿಂದ ಊರಿಗೆ ಬಂದ ಕತೆ

ಬಹಳ ಹಿಂದೆ, ಮರಗಳೂ ಮಾತಾಡುತ್ತಿದ್ದ ಕಾಲದಲ್ಲಿ ಹಂಸಾವತಿ ಅನ್ನೋ ರಾಜ್ಯ ಇತ್ತು. ಅಲ್ಲಿಯ ದೊರೆ ಚಿತ್ರಸೇನನಿಗೆ ಚೆಂದದ ಕೆಲಸ ಅಂದರೆ ಪ್ರಾಣ. ವರ್ಷಕ್ಕೊಮ್ಮೆ ರಾಜ್ಯದಲ್ಲೆಲ್ಲ ಹುಡುಕಿಸಿ, ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಒಂದು ವಸ್ತುವಿಗೆ ಬೆಳ್ಳಿಯ ಹಂಸಮುದ್ರೆ ಒತ್ತಿಸುತ್ತಿದ್ದ. ಒತ್ತಿಸಿದ ಮೇಲೆ ಆ ವಸ್ತು ಹಾಳಾಗಬಾರದು ಅಂತ ಅರಮನೆಯ ಉಗ್ರಾಣದಲ್ಲಿಟ್ಟು ಬೀಗ ಹಾಕಿಸುತ್ತಿದ್ದ.

ಮೊದಲ ವರ್ಷ ಒಂದು ನೇಗಿಲಿಗೆ ಮುದ್ರೆ ಬಿತ್ತು. ನೇಗಿಲು ಉಗ್ರಾಣಕ್ಕೆ ಹೋಯಿತು. ಎರಡನೆಯ ವರ್ಷ ಒಂದು ಸೌಟು ಹೋಯಿತು. ಮೂರನೆಯ ವರ್ಷ ಒಂದು ತೊಟ್ಟಿಲು ಹೋಯಿತು. ಜನ ಚಪ್ಪಾಳೆ ತಟ್ಟಿದರು, ಮನೆಗೆ ಬಂದು ಸೊಟ್ಟ ನೇಗಿಲಲ್ಲೇ ಉತ್ತರು, ತೂತು ಸೌಟಲ್ಲೇ ಬಡಿಸಿಕೊಂಡರು. ಒಳ್ಳೆಯದೆಲ್ಲ ಒಳಗೆ, ಸೊಟ್ಟದ್ದೆಲ್ಲ ಹೊರಗೆ! ಇದೇನು ಹೀಗೆ ಅಂತ ಒಬ್ಬರಾದರೂ ಕೇಳಲಿಲ್ಲ ನೋಡಿ.

ಉಗ್ರಾಣ ಕಾಯುತ್ತಿದ್ದವನು ಧೂಮಾಂಗ. ಅವನು ಮಂತ್ರವಾದಿ. ವಸ್ತು ಸುಮ್ಮನೆ ಕೂತಷ್ಟೂ ಅದನ್ನು ಮಾಡಿದವರ ಜಾಣ್ಮೆ ಸೋರಿ ಸೋರಿ ಅವನ ಮೈಗೆ ಸೇರುತ್ತಿತ್ತು. ಕೆಲಸವಿಲ್ಲದ ವಸ್ತುಗಳು ಹುಚ್ಚು ಹಿಡಿದು ಮೃಗಗಳಾಗುತ್ತಿದ್ದವು. ಪಾಪ, ದೊರೆಗೆ ಇದೊಂದೂ ಗೊತ್ತಿಲ್ಲ.

ಅದೇ ರಾಜ್ಯದ ನೀರಗುಂದಿ ಅನ್ನೋ ಊರಲ್ಲಿ ಕಾಳವ್ವ ಅಂತ ಸೂಲಗಿತ್ತಿ ಇದ್ದಳು. ಏಳು ಹಳ್ಳಿಗೆ ಅವಳೊಬ್ಬಳೇ. ಹೆರಿಗೆಗೆ ಅಂತ ಹೊಳೆ ದಾಟುವಾಗ ಮೊಸಳೆ ಅವಳ ಎಡಗಾಲನ್ನು ಮಂಡಿಯ ಕೆಳಗೆ ಕಿತ್ತುಕೊಂಡಿತ್ತು. ಅವಳ ಗಂಡ ಬಡಗಿ ಮೋನಾಚಾರಿ ಹಲಸಿನ ಮರದಲ್ಲಿ ಒಂದು ಕಾಲು ಕೆತ್ತಿ, ಒಳಗೆ ಹತ್ತಿಯ ಮೆತ್ತೆ ಇಟ್ಟು ಕೊಟ್ಟ. ಅದನ್ನು ಕಟ್ಟಿಕೊಂಡು ಕಾಳವ್ವ ಮೂರು ವರ್ಷ ಗುಡ್ಡ ಹತ್ತಿದಳು, ಇಳಿದಳು.

ಒಂದು ಬೆಳಗ್ಗೆ ಡೋಲು ಬಡಿಯುತ್ತ ರಾಜಭಟರು ಬಂದರು. "ಮೋನಾಚಾರಿ! ನಿನ್ನ ಮರದ ಕಾಲಿಗೆ ಹಂಸಮುದ್ರೆ ಬಂದಿದೆ!" ಊರೆಲ್ಲ ಕುಣಿಯಿತು. ಆ ಗದ್ದಲದಲ್ಲೇ ಭಟರು ಕಾಳವ್ವನ ಕಾಲು ಬಿಚ್ಚಿ ಹೊತ್ತುಕೊಂಡು ಹೋದರು.

"ಇದು ಬಹುಮಾನವೋ ದರೋಡೆಯೋ?" ಅಂದಳು ಕಾಳವ್ವ. "ಕುಂಬಾರರ ಸೊಸೆ ಚೆನ್ನಾಜಿಗೆ ಇನ್ನು ನಾಲ್ಕೇ ದಿನ. ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ. ಅವಳ ಮನೆ ಗುಡ್ಡದ ನೆತ್ತಿಯ ಮೇಲೆ. ನಾನು ಹೋಗದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ!"

"ಇನ್ನೊಂದು ಕೆತ್ತುತ್ತೀನಿ ಕಣೇ," ಅಂತ ಮೋನಾಚಾರಿ ಉಳಿ ಹಿಡಿದ. ಆದರೆ ಉಳಿ ಕೈಯಲ್ಲಿ ನಿಲ್ಲಲೇ ಇಲ್ಲ. ಕಾಲಿಗೆ ಕೆಲಸ ತಪ್ಪಿದ ಗಳಿಗೆಯಲ್ಲೇ ಅವನ ಜಾಣ್ಮೆ ಸೋರಿಹೋಗಿತ್ತು.

"ಅಳುತ್ತಾ ಕೂರಬೇಡ. ಎಮ್ಮೆ ಬಿಚ್ಚು," ಅಂದಳು ಕಾಳವ್ವ. ಅವಳು ಎಮ್ಮೆಯ ಮೇಲೆ, ಅವನು ಅಂಬಲಿಯ ಗಡಿಗೆ ಹೊತ್ತು ಕೆಳಗೆ. ಎರಡು ದಿನ ನಡೆದು ಅರಮನೆ ಸೇರಿದರು.

ಉಗ್ರಾಣದ ಮೊದಲ ಬಾಗಿಲಲ್ಲಿ ಕಬ್ಬಿಣದ ಕೋರೆಯ ಕಾಡುಹಂದಿ ಬುಸುಗುಟ್ಟುತ್ತ ನುಗ್ಗಿತು. ಕಾವಲುಗಾರರು ದಿಕ್ಕಾಪಾಲಾದರು. "ಅಯ್ಯೋ, ಅದರ ಬಾಲ ನೋಡು, ನೇಗಿಲ ಹಿಡಿಯ ಹಾಗೇ ನಿಂತಿದೆ!" ಅಂದಳು ಕಾಳವ್ವ. ಮೋನಾಚಾರಿ ಹಾರಿ ಬಾಲ ಹಿಡಿದು "ಹೋ! ಹೋ!" ಅಂದ. ಹಂದಿ ಮೂತಿ ಊರಿ ದೊರೆಯ ಹೂದೋಟವನ್ನು ಉದ್ದಕ್ಕೂ ಉತ್ತುಬಿಟ್ಟಿತು! ಸಾಲು ಮುಗಿದಾಗ ಅಲ್ಲಿದ್ದದ್ದು ನೇಗಿಲು.

ಎರಡನೆಯ ಬಾಗಿಲಲ್ಲಿ ಸೌಟಿನಂಥ ಹೆಡೆಯ ಹಾವು. ಕಾಳವ್ವ ಅಂಬಲಿಯ ಗಡಿಗೆ ಮುಂದೆ ಚಾಚಿದಳು. "ಹಸಿದು ಬಂದಿದ್ದೀವಿ, ಬಡಿಸಪ್ಪ." ಹಾವು ಹೆಡೆ ಅದ್ದಿ ಕಲಕಿತು, ಒಂದು ಹನಿಯೂ ಚೆಲ್ಲದೆ ಇಬ್ಬರಿಗೂ ಬಡಿಸಿತು, ಸೌಟಾಗಿ ಗಡಿಗೆಯೊಳಗೆ ನಿಂತಿತು.

ಮೂರನೆಯ ಬಾಗಿಲಲ್ಲಿ ತೊಟ್ಟಿಲ ಹಾಗೆ ಅತ್ತಿತ್ತ ತೂಗುತ್ತಿದ್ದ ಹೆಣ್ಣುಹುಲಿ. ಕಾಳವ್ವ ಸೆರಗನ್ನು ಮಗುವಿನ ಹಾಗೆ ಸುತ್ತಿ ತೋರಿಸಿದಳು. ಹುಲಿ ಮೂಸಿ ನೋಡಿ ಗುಡುಗಿತು. "ಬಟ್ಟೆ ತೋರಿಸಿ ಯಾರನ್ನು ಏಮಾರಿಸುತ್ತೀಯೆ? ಮಗು ಎಲ್ಲಿ?"

ಕಾಳವ್ವ ಸೆರಗು ಬಿಚ್ಚಿದಳು. "ತಪ್ಪಾಯಿತು ತಾಯಿ. ಮಗು ಇನ್ನೂ ಹುಟ್ಟಿಲ್ಲ. ಹುಟ್ಟಿಸೋಕೇ ನನ್ನ ಕಾಲು ಬೇಕು."

ಹುಲಿಯ ಕಣ್ಣಲ್ಲಿ ನೀರು ಬಂತು. ಬಾಗಿಲು ಬಿಟ್ಟು ಸರಿದು, ತೊಟ್ಟಿಲಾಗಿ ಮೆಲ್ಲಗೆ ತೂಗಿತು.

ಒಳಗೆ ಧೂಮಾಂಗ ಗಹಗಹಿಸಿ ನಗುತ್ತ ನಿಂತಿದ್ದ. ಅವನ ಹಿಂದೆ ನೂರು ಮರದ ಕಾಲು, ನೂರಕ್ಕೂ ಒಂದೇ ರೂಪ! "ಆರಿಸಿಕೋ ಕುಂಟಿ. ಒಂದೇ ಸಲ. ತಪ್ಪಿದರೆ ಇಬ್ಬರೂ ಮರದ ಬೊಂಬೆ."

ಮೋನಾಚಾರಿ ನೋಡಿದ, ನೋಡಿದ, ಬೆವರಿದ. "ಎಲ್ಲದರ ಮೇಲೂ ನನ್ನ ಉಳಿಯದೇ ಗುರುತು ಕಣೇ! ನನಗೇ ಗೊತ್ತಾಗುತ್ತಿಲ್ಲ."

"ಕಣ್ಣಿಗೆ ಗೊತ್ತಾಗೋದಲ್ಲ ಬಿಡು," ಅಂದಳು ಕಾಳವ್ವ. ಗಂಡನ ಹೆಗಲು ಹಿಡಿದು ಕಣ್ಣು ಮುಚ್ಚಿದಳು. ಒಂದೊಂದೇ ಕಾಲಿನೊಳಗೆ ಬೆರಳಿಟ್ಟು ಮೆತ್ತೆ ಸವರಿದಳು. ಇದು ಹೊಸದು. ಇದೂ ಹೊಸದು. ಎಪ್ಪತ್ತು ದಾಟಿತು, ಎಂಬತ್ತು ದಾಟಿತು. ಆಹಾ! ಒಂದರ ಮೆತ್ತೆಯಲ್ಲಿ ಸಣ್ಣ ಗುಣಿ. ಮೂರು ವರ್ಷ ಗುಡ್ಡ ಹತ್ತಿಳಿದು ಅವಳ ಮೂಳೆ ಊರಿದ್ದ ಜಾಗ! ಧೂಮಾಂಗ ಮಾಡಿದವನ ಜಾಣ್ಮೆ ಕದ್ದಿದ್ದ, ನಡೆದವಳ ನಡಿಗೆ ಕದಿಯೋಕೆ ಅವನಿಂದ ಆಗಿರಲಿಲ್ಲ.

"ಇದೇ ನನ್ನ ಕಾಲು!" ಕಟ್ಟಿಕೊಂಡು ಧಡ್ ಅಂತ ಒಂದು ಹೆಜ್ಜೆ ಇಟ್ಟಳು. ತೊಂಬತ್ತೊಂಬತ್ತು ಕಾಲೂ ಹೊಗೆಯಾದವು. ಧೂಮಾಂಗ ಕಿರುಚಿದ, ಕುಗ್ಗಿದ, ಕಪಾಟಿನ ಮೇಲಿನ ಒಂದು ಹಿಡಿ ಧೂಳಾದ. ಮೋನಾಚಾರಿಯ ಬೆರಳುಗಳಿಗೆ ಮತ್ತೆ ಜೀವ ಬಂತು.

ಗದ್ದಲ ಕೇಳಿ ದೊರೆ ಬೆಳ್ಳಿಯ ಮುದ್ರೆ ಹಿಡಿದೇ ಓಡಿ ಬಂದ. "ನಿಲ್ಲಮ್ಮ! ಆ ಕಾಲಿಗೆ ಇನ್ನೂ ಮುದ್ರೆ ಒತ್ತಿಲ್ಲ!"

"ನಾನು ನಿಂತರೆ ಹೆರಿಗೆ ನಿಲ್ಲುತ್ತದಾ ಸ್ವಾಮಿ? ಬೇಕಾದರೆ ಹಿಂದೆ ಬನ್ನಿ!"

ದೊರೆ ಅವರಿಬ್ಬರನ್ನೂ ರಥಕ್ಕೆ ಹತ್ತಿಸಿಕೊಂಡ. ರಥ ಗುಡ್ಡದ ಬುಡದವರೆಗೆ ಹೋಯಿತು, ಮುಂದೆ ದಾರಿಯಿಲ್ಲ. ಕಾಳವ್ವ ಟಕಟಕ ಹತ್ತಿದಳು. ಮೋನಾಚಾರಿಯೂ, ಏದುಸಿರು ಬಿಡುತ್ತ ದೊರೆಯೂ ಹಿಂದೆ ಬಂದರು. ಕುಂಬಾರರ ಮುದುಕಿ ದೊರೆಯನ್ನು ಕಂಡು, "ಯಾರಪ್ಪ ನೀನು, ಕಂಬದ ಹಾಗೆ ನಿಂತಿದ್ದೀಯ? ಒಲೆ ಊದು, ಬಿಸಿನೀರು ಬೇಕು!" ಅಂದಳು. ಹಂಸಾವತಿಯ ದೊರೆ ಕಿರೀಟ ಪಕ್ಕಕ್ಕಿಟ್ಟು ಒಲೆ ಊದಿದ!

ಒಳಗೆ ಕಾಳವ್ವ ಚೆನ್ನಾಜಿಯ ಹೊಟ್ಟೆ ನೀವಿ ನೀವಿ ಮಗುವನ್ನು ತಿರುಗಿಸಿದಳು. ಹೊತ್ತು ನೆತ್ತಿಗೇರುವಾಗ ಕೇಳಿಸಿತು ನೋಡಿ, ಕುಂಯ್ಯೋ ಅಂತ ಮಗುವಿನ ಅಳು! ತಾಯಿಯೂ ಉಳಿದಳು, ಮಗಳೂ ಉಳಿದಳು.

ಕಣ್ಣಿಗೆಲ್ಲ ಹೊಗೆ ತುಂಬಿದ್ದ ದೊರೆ ಮೆಲ್ಲಗೆ ಕೇಳಿದ, "ತಾಯಿ, ನಾನು ಈ ಕಾಲನ್ನು ಉಗ್ರಾಣದಲ್ಲೇ ಇಟ್ಟುಕೊಂಡಿದ್ದರೆ?"

"ಈ ಅಳು ನಿಮಗೆ ಕೇಳಿಸುತ್ತಿರಲಿಲ್ಲ ಸ್ವಾಮಿ. ಮುದ್ರೆಯನ್ನು ಕಾಲು ಮಾಡಿದವನಿಗೆ ಕೊಡಿ, ಕಾಲು ನನಗೆ ಬಿಡಿ. ಮೇಲಿನಹಳ್ಳಿಯಲ್ಲೂ ಒಬ್ಬಳು ಕಾಯುತ್ತಿದ್ದಾಳೆ."

ದೊರೆ ಮೋನಾಚಾರಿಯ ಅಂಗೈ ಮೇಲೆ ಮುದ್ರೆ ಇಟ್ಟು ಕೈಮುಗಿದ. ಉಗ್ರಾಣದ ಬೀಗ ಒಡೆಸಿದ. ನೇಗಿಲು ಹೊಲಕ್ಕೆ, ಸೌಟು ಅಡುಗೆಮನೆಗೆ, ತೊಟ್ಟಿಲು ಚೆನ್ನಾಜಿಯ ಮನೆಗೆ ಹೋದವು. ಆಮೇಲೆ ಹಂಸಾವತಿಯಲ್ಲಿ ಮುದ್ರೆ ಕೊಡುವವರೇ ಊರೂರಿಗೆ ನಡೆದು ಹೋಗಬೇಕಾಯಿತು. ವಸ್ತುವನ್ನು ನೋಡಿದರೆ ಸಾಲದು, ಅದನ್ನು ಬಳಸುವವರ ಪಕ್ಕದಲ್ಲಿ ಕೂತು ಒಂದು ದಿನ ದುಡಿಯಬೇಕು. ಹೊಲ ಹಸಿರಾಯಿತು, ಮನೆ ತುಂಬಿತು, ಎಲ್ಲರೂ ಸುಖವಾಗಿದ್ದರು. ಆದರೆ ಮೋನಾಚಾರಿಯ ಮುದ್ರೆ ನೋಡೋಕೆ ಬಂದವರಿಗೆ ಆ ಕಾಲು ಮಾತ್ರ ಒಂದು ದಿನವೂ ಸಿಗಲಿಲ್ಲ. ಅದು ಯಾವಾಗಲೂ ಯಾವುದೋ ಗುಡ್ಡ ಹತ್ತುತ್ತಿತ್ತು.