ಎಗ್‌ಲೆಸ್ ಮೇರಿ

ಶಿವರುದ್ರಪ್ಪನ ಮೂರನೆಯ ಗುದ್ದಿಗೆ ನನ್ನ ದವಡೆ ಹಲ್ಲು ಅಲುಗಾಡಿತು.

ಎರಡನೆಯದಕ್ಕೇ ತುಟಿ ಒಡೆದಿತ್ತು. ಮೊದಲನೆಯದು... ನೆನಪಿಲ್ಲ!

“ಇನ್ನೊಂದ್ ಹಾಕ್ಲೇನ್ರೀ ಸಾಹೇಬ್ರ?”

“ಸಾಕು. ಮಾತಾಡೋಕೆ ಬಾಯಿ ಬೇಕಲ್ಲ,” ಎಂದ ಚಂದ್ರಮೋಹನ್.

ಬರ್ಬ್ಯಾಂಕ್‌ನಲ್ಲಿ ಚಂದ್ರಮೋಹನನ ಗೋದಾಮು. ಬೆಳಗಿನ ಹನ್ನೊಂದು. ಸಿನಿಮಾ ಸೆಟ್ಟುಗಳಿಗೆ ಸಿಂಹಾಸನ, ಕತ್ತಿ, ಶವಪೆಟ್ಟಿಗೆ ಬಾಡಿಗೆಗೆ ಕೊಡುವುದು ಅವನ ಹೊರಗಿನ ಬಿಸಿನೆಸ್. ಕದ್ದ ಚಿತ್ರಗಳನ್ನು ಮಾರುವುದು ಒಳಗಿನದು. ಅಂಥ ಚಿತ್ರಗಳನ್ನು ಹುಡುಕಿ ತರುವುದು ನನ್ನ ಬಿಸಿನೆಸ್. ಹೋದ ವರ್ಷ ಅವನ ಮೂರು ಚಿತ್ರ ಪೊಲೀಸರಿಗೆ ಹಿಡಿದುಕೊಟ್ಟಿದ್ದೆ. ಮೂರು ಗುದ್ದು ಅದಕ್ಕೆ!

ಎದುರಿನ ಬೆಂಚಿನ ಬಳಿ ಅರ್ಷದ್ ಅಂಕಲ್. ಮೈಸೂರಿನವರು. ಹಾಳಾದ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವರು. ನನಗೆ ಚಿತ್ರ ನೋಡುವುದನ್ನು ಕಲಿಸಿದವರು. ನಿನ್ನೆ ಅವರನ್ನು ಎತ್ತಿಕೊಂಡು ಬಂದಿದ್ದರು. ಅವರ ಬಲಗೈ ಬಡಗಿಯ ವೈಸ್‌ನಲ್ಲಿ, ಕಬ್ಬಿಣದ ಎರಡು ಹಲಗೆಗಳ ನಡುವೆ ಸಿಕ್ಕಿತ್ತು.

ಆ ಕೈ ಹೋದರೆ ಅವರ ಬದುಕೇ ಹೋಯಿತು.

ಚಂದ್ರಮೋಹನ್ ಹೇಳಿದ್ದು ಇಷ್ಟೇ. ಎರಡು ಗಂಟೆ ದಾರಿಯ ಲಾ ಹೋಯಾದ ಕೇಶವಮೂರ್ತಿಯ ಹತ್ತಿರ ಏಳುನೂರು ವರ್ಷ ಹಳೆಯ ಇಟಲಿಯ ಹಲಗೆ ಚಿತ್ರವಿದೆ. ಚಿನ್ನದ ರೇಕಿನ ಮುಂದೆ ಮೇರಿ ಮಾತೆ, ಮಡಿಲಲ್ಲಿ ಮಗು. ಅದು ತನಗೆ ಬೇಕು. ಅದು ಬಂದರೆ ಅಂಕಲ್ ಬಿಡುಗಡೆ. ಇಲ್ಲದಿದ್ದರೆ...

ತಂದಿದ್ದೆ. ಅಂಕಲ್ ವಿಷಯ ಕೇಳಿ ಕೇಶವಮೂರ್ತಿ ತಕ್ಷಣ ಕೊಟ್ಟಿದ್ದರು. ಕಣ್ಣೀರು ಬೇರೆ! ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ನೋಡದೆ ಗಾಡಿಗೆ ಹಾಕಿಕೊಂಡು ಬಂದೆ.

ತಪ್ಪು ನನ್ನದೇ.

ಬಾಯಿ ತುಂಬಿದ್ದ ರಕ್ತ ಉಗಿದೆ. ಅದು ಮೇಜಿನ ಮೇಲಿದ್ದ ಮೇರಿಯ ನೀಲಿ ಸೆರಗಿಗೆ ಬಿತ್ತು.

ನೀಲಿ... ಕರಗಿ ಹರಿಯಿತು!

ನಿಮಗೆ ಗೊತ್ತಿರಲಿ. ಆ ಕಾಲದವರು ಹಲಗೆಗೆ ಬಣ್ಣ ಬಳಿಯುವಾಗ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು. ವರ್ಷಗಳು ಕಳೆದಂತೆ ಅದು ಕಲ್ಲಾಗುತ್ತದೆ. ಎಂಜಲಿಗೆ ಜಗ್ಗುವುದಿಲ್ಲ. ಗೋಂದಿನಲ್ಲಿ ಕಲಸಿದ ಬಣ್ಣ ಪುಸ್ತಕದ ಹಾಳೆಗೆ. ನೀರು ತಾಗಿದರೆ ಮುಗಿಯಿತು!

ಕೇಶವಮೂರ್ತಿ ರಿಟೈರ್ಡ್ ಟೆಲಿಕಾಂ ಇಂಜಿನಿಯರ್. ಹವ್ಯಾಸಕ್ಕೆ ಚಿತ್ರ ಬರೆಯುತ್ತಾರೆ. ಅವರ ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ನಮ್ಮ ಮನೆಯಲ್ಲೂ ಹಾಗೇ. ನನ್ನ ಎಲ್ಲ ಬರ್ತ್‌ಡೇ ಕೇಕುಗಳೂ ಎಗ್‌ಲೆಸ್.

ಇದು ಎಗ್‌ಲೆಸ್ ಮೇರಿ!

ಚಂದ್ರಮೋಹನ್ ಕರಗಿದ ನೀಲಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

“ರಚನಾ... ನಂಗೇ ಡೂಪ್ಲಿಕೇಟಾ?”

“ನಂಗೂ ಈಗಲೇ ಗೊತ್ತಾಗಿದ್ದು!”

ಅವನು ವೈಸ್‌ನ ಹಿಡಿ ಹಿಡಿದು ತಿರುಗಿಸಿದ.

ಕಟಕ್!

ಅಂಕಲ್ ಕಿರುಬೆರಳು. ಅವರು ಕಿರುಚಲಿಲ್ಲ. ಹಣೆಯ ಬೆವರು ಮಾತ್ರ ಟಪಟಪ ಉದುರಿತು.

“ನಿಲ್ಸಪ್ಪಾ... ಡೂಪ್ಲಿಕೇಟ್ ಅಲ್ಲ,” ಎಂದರು ಏದುಸಿರಿನಲ್ಲಿ. “ಕಳ್ಳರ ಕಣ್ಣು ತಪ್ಸೋಕೆ ಮೇಲೆ ಗೋಂದಿನ ಬಣ್ಣ ಬಳಿದವ್ರೆ. ಅಸಲಿ ಕೆಳಗದೆ. ಒರೆಸಿದ್ರೆ ಬರ್ತದೆ.”

“ಒರೆಸು.”

“ಯಾವ ಕೈಯಲ್ಲಿ? ನಿನ್ ಪೈಲ್ವಾನ್ ಒರೆಸಿದ್ರೆ ಮೇರಿ ಮುಖಾನೂ ಹೋಗ್ತದೆ!”

ಆಸೆ ಗೆದ್ದಿತು. ವೈಸ್ ಸಡಿಲವಾಯಿತು. ಶಿವರುದ್ರಪ್ಪ ಒಂದು ಕೈಯಲ್ಲಿ ನನ್ನ ಜುಟ್ಟು ಹಿಡಿದ. ಇನ್ನೊಂದರಲ್ಲಿ ಪಿಸ್ತೂಲು.

“ಸುಮ್ನ ನಿಂದ್ರಬೇ. ಅಲ್ಲಾಡಿದ್ರ ಸುಡ್ತೀನಿ.”

ಅಂಕಲ್ ನೀರು ಕೇಳಿದರು, ಜೊತೆಗೆ ಬಣ್ಣ ಕರಗಿಸುವ ಅಸಿಟೋನ್. ಎರಡೂ ಬಂದವು. ನೀರಲ್ಲಿ ಅದ್ದಿದ ಹತ್ತಿಯಿಂದ ಮೇರಿಯ ಕೆನ್ನೆ ಉಜ್ಜಿದರು. ನಿಧಾನಕ್ಕೆ. ಕೆನ್ನೆ ಹೋಯಿತು. ಕಣ್ಣು ಹೋಯಿತು.

“ಬಂತಾ?” ಚಂದ್ರಮೋಹನ್ ಬಗ್ಗಿದ.

ಕೆಳಗೆ ಅಸಲಿ ಇರಲಿಲ್ಲ. ಬರೀ ಬಿಳಿ ಸುಣ್ಣ!

ಅಂಕಲ್ ಡಬ್ಬಿಯ ಅಸಿಟೋನನ್ನು ಅವನ ಕಣ್ಣಿಗೆ ಎರಚಿದರು.

ಆ ಕೂಗು ಮನುಷ್ಯನದಾಗಿರಲಿಲ್ಲ. ಶಿವರುದ್ರಪ್ಪ ಅತ್ತ ತಿರುಗಿದ. ನಾನು ಹಿಮ್ಮಡಿಯಿಂದ ಅವನ ಮೊಣಕಾಲಿನ ಕೆಳಗೆ ಒದ್ದೆ. ಗುಂಡು ಹಾರಿತು. ಎಲ್ಲಿಗೋ! ಜುಟ್ಟಿನ ಅರ್ಧ ಅವನ ಮುಷ್ಟಿಯಲ್ಲೇ ಉಳಿಯಿತು. ಬೆಂಚಿನ ಮೇಲಿದ್ದ ಸುತ್ತಿಗೆ ನನ್ನ ಕೈಗೆ ಬಂತು. ಮಣಿಕಟ್ಟಿಗೆ ಒಂದು. ಪಿಸ್ತೂಲು ಬಿತ್ತು. ಮೊಣಕೈಗೆ ಇನ್ನೊಂದು.

“ಯವ್ವಾ!”

“ಅಮ್ಮ ಬರಲ್ಲಪ್ಪ,” ಎಂದೆ. ಎಗ್‌ಲೆಸ್ ಮೇರಿಯನ್ನು ಎತ್ತಿ ಅವನ ನೆತ್ತಿಗೆ ಬಡಿದೆ. ಹಲಗೆ ಎರಡಾಯಿತು!

ಪಿಸ್ತೂಲು ಎತ್ತಿಕೊಂಡು ಅಂಕಲ್ ಜೊತೆ ಓಡಿದೆ. ಹೊರಗೆ ಚಂದ್ರಮೋಹನನ ಗಾಡಿಯ ಎರಡು ಟೈರಿಗೆ ಎರಡು ಗುಂಡು. ಒಳಗಿಂದ ಅವನ ಧ್ವನಿ ಕೇಳುತ್ತಲೇ ಇತ್ತು.

“ಏಳೋ ಶಿವ! ಬೇರೆ ಗಾಡಿ ತರ್ಸೋ! ಲಾ ಹೋಯಾಗೆ ಹೊರಡು! ಆ ಮೂರ್ತಿನ ಸಿಗಿದು ಹಾಕ್ತೀನಿ!”

ನನ್ನ ಗಾಡಿ ಫ್ರೀವೇ ಹಿಡಿಯಿತು.

“ಅಂಕಲ್, ಹಾಸ್ಪಿಟಲ್?”

“ಮೊದ್ಲು ಲಾ ಹೋಯಾ, ಬೇಟಾ.”

ಬಾಗಿಲು ತೆರೆದ ಕೇಶವಮೂರ್ತಿ ನನ್ನ ಮುಖ ನೋಡಿದರು. ಅಂಕಲ್ ಬೆರಳು ನೋಡಿದರು. ಬಾಗಿಲು ಮುಚ್ಚಲು ಹೊರಟರು. ಸಂದಿಗೆ ಬೂಟು ಇಟ್ಟೆ.

“ಮನೇಲಿ ಯಾರಿದಾರೆ?”

“ಯಾರೂ ಇಲ್ಲ... ನನ್ ಹೆಂಡ್ತಿ ಜಯಾ ಪೊಮೊನಾಗೆ ಹೋಗಿದಾಳೆ, ಮಗಳ ಮನೆಗೆ...”

ಅಸಲಿ ಮೇರಿ ಸ್ಟಡಿ ರೂಮಿನ ಬೀರುವಿನಲ್ಲಿದ್ದಳು, ಇಸ್ತ್ರಿ ಮಾಡಿದ ಶರಟುಗಳ ಹಿಂದೆ. ಅಂಕಲ್ ಹತ್ತಿಗೆ ಎಂಜಲು ಹಚ್ಚಿ ಸೆರಗಿನ ಮೂಲೆ ಉಜ್ಜಿದರು. ಹತ್ತಿಗೆ ಕೊಳೆ ಬಂತು. ನೀಲಿ ಬರಲಿಲ್ಲ.

“ಅಸಲಿ,” ಎಂದರು. ಆಗ ಮಾತ್ರ ಅವರ ಕಣ್ಣು ತುಂಬಿತು.

“ನಕಲು ಅಂತ ಗೊತ್ತಾದ್ರೆ ಇವರ ಕೈ ಹೋಗತ್ತೆ ಅಂತ ಗೊತ್ತಿತ್ತು ತಾನೇ?” ಕೇಳಿದೆ.

“ಅವನಿಗೆ ಗೊತ್ತಾಗಲ್ಲ ಅಂದ್ಕೊಂಡೆನಮ್ಮಾ... ಕಳ್ಳರು ಬಂದ್ರೆ ಇರ್ಲಿ ಅಂತ ಮೊದಲೇ ಬರೆದಿಟ್ಟಿದ್ದೆ. ಎಲ್ಲಾ ಕರೆಕ್ಟಾಗೇ ಮಾಡಿದ್ದೆ. ಮೊಟ್ಟೆ ಒಂದು... ಜಯಾ ಒಪ್ಪಲ್ಲ. ಗ್ಯಾರೇಜಿಗೂ ತರೋ ಹಾಗಿಲ್ಲ...”

ಮೇರಿಯನ್ನು ಕಂಬಳಿಯಲ್ಲಿ ಸುತ್ತಿದೆ.

“ಎಲ್ಲಿಗೆ ತೊಗೊಂಡ್ ಹೋಗ್ತೀರಿ?”

“ಪೊಲೀಸರಿಗೆ. ಸಾಕ್ಷಿ.”

“ಅವನು ಬರ್ತಾನಲ್ಲಮ್ಮಾ! ಬಂದ್ರೆ ಏನು ಕೊಡ್ಲಿ?”

ಅಂಕಲ್ ಆಗಲೇ ಗಾಡಿ ಹತ್ತಿದ್ದರು. ಬೆರಳು ಬದನೆಕಾಯಿಯಷ್ಟು ಊದಿತ್ತು. ನಾನು ಬಾಗಿಲಲ್ಲಿ ತಿರುಗಿದೆ.

“ಇನ್ನೊಂದು ಬರೀರಿ ಸಾರ್. ಫ್ರೀವೇಲಿ ಟ್ರಾಫಿಕ್ ಇದ್ರೆ... ಒಂದು ಗಂಟೆ ಟೈಮಿದೆ!”