ಪರದೆ ಇಳಿಬಿಟ್ಟ ಕೋಣೆ

ಸ್ಕ್ಯಾನ್ ಓದುವ ಕೋಣೆಗೆ ಅಸೆನ್ ಬಂದಾಗ ಅವನ ಹಣೆಯಲ್ಲಿ ಬುಗುಟು ಎದ್ದಿತ್ತು.

"ಅಯ್ಯೋ, ಏನಾಯ್ತು?" ರಾಲಿತ್ಸಾ ಕುರ್ಚಿಯಿಂದ ಅರ್ಧ ಎದ್ದಳು.

"ಅಂಗಳದ ದೀಪದ ಕಂಬ. ಅಡ್ಡ ಬಂತು."

"ಕಂಬಾನೇ ನಡ್ಕೊಂಡು ಬಂತಾ?"

"ನಿಮ್ಮ ಪ್ಲೋವ್ಡಿವ್ ಊರಿನ ಕಂಬಗಳಿಗೆ ಸೋಫಿಯಾದವರನ್ನ ಕಂಡ್ರೆ ಆಗಲ್ಲ, ಡಾಕ್ಟರೇ."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಬೆಳಗ್ಗೆಯಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಶರತ್ಕಾಲದಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಮೊದಲ ಸಲ ಈ ಕೋಣೆಗೆ ಕಾಲಿಟ್ಟಾಗ ಅವನ ಬಾಯಿಂದ ಬಂದ ಮೊದಲ ಮಾತೇ ದೂರು. "ಈ ಗಡ್ಡೆಗಳ ಸುತ್ತ ಗೆರೆ ಎಳೆದೋರು ಯಾರ್ರೀ? ಎಲ್ಲಾ ಗಡ್ಡೆಯ ಅಂಚಿಗಿಂತ ಒಂದೆಳೆ ಆಚೆಗೇ ಇದೆ. ಕೈ ನಡುಗುತ್ತಾ ಅವರಿಗೆ?"

"ನಡುಗೋದು ಕೈಯಲ್ಲ, ಎದೆ. ಅಂಚಿನಾಚೆ ಇನ್ನೇನು ಅಡಗಿದೆಯೋ ಅಂತ," ಎಂದಿದ್ದಳು ರಾಲಿತ್ಸಾ. "ಎಳೆದೋಳು ನಾನೇ." ಅವನ ಕಿವಿ ಕೆಂಪಾದದ್ದು ಆ ಕತ್ತಲೆಯಲ್ಲೂ ಕಂಡಿತ್ತು.

ಆಮೇಲೆ ಇಡೀ ಚಳಿಗಾಲ ಇಬ್ಬರೂ ಅಕ್ಕಪಕ್ಕ ಕೂತರು. ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳ ಸುತ್ತ ಅವಳು ಗೆರೆ ಎಳೆದಳು. ಆ ಸಾವಿರಾರು ಗೆರೆ ನೋಡಿ ನೋಡಿ, ಹೊಸ ಸ್ಕ್ಯಾನಿನಲ್ಲಿ ತಾನೇ ಗೆರೆ ಎಳೆಯುವುದನ್ನು ಅವನ ಕಂಪ್ಯೂಟರ್ ಕಲಿಯಿತು. ಮಾನಿಟರಿನ ಮೇಲೆ ಅವಳದು ಕೆಂಪು ಗೆರೆ, ಯಂತ್ರದ್ದು ಬಿಳಿ. ಇವತ್ತು ಕೊನೆಯ ಪರೀಕ್ಷೆ. ಯಂತ್ರ ಪಾಸಾದರೆ ಅಸೆನ್ ಸಂಜೆಯ ರೈಲಿಗೆ ಸೋಫಿಯಾಕ್ಕೆ ಹೊರಟುಬಿಡುತ್ತಾನೆ.

ಪಾಸಾಗಲಿ ಎಂದು ಡಾಕ್ಟರ್ ರಾಲಿತ್ಸಾ ಬಯಸಿದ್ದಳು. ಎಲ್ಲಾದರೂ ಎಡವಲಿ ಎಂದು ಬರಿಯ ರಾಲಿತ್ಸಾ. ಅದಕ್ಕಾಗಿ ತನ್ನನ್ನು ತಾನೇ ಬೈದುಕೊಂಡೂ ಆಗಿತ್ತು.

ಸ್ಕ್ಯಾನ್ ತೆಗೆಯುವ ಸ್ಟೋಯಾಂಕಾ ಕಾಫಿ ತಂದಿಟ್ಟು ರಾಲಿತ್ಸಾಳ ಮಣಿಕಟ್ಟು ಹಿಡಿದಳು. ವಸಂತವನ್ನು ಕರೆಯಲು ಮಾರ್ಚ್ ಒಂದರಂದು ಎಲ್ಲರೂ ಒಬ್ಬರಿಗೊಬ್ಬರು ಕಟ್ಟುವ ಕೆಂಪು-ಬಿಳಿ ದಾರ ಅದು; ಅಸೆನ್ ಕಟ್ಟಿದ್ದು ಮಾಸಿ ಎಳೆ ಬಿಟ್ಟಿತ್ತು.

"ಊರೆಲ್ಲಾ ಬಿಚ್ಚಾಯ್ತು. ನಿಂದಿನ್ನೂ ಹಾಗೇ ಇದೆಯಲ್ಲೇ!"

"ಹೂಬಿಟ್ಟ ಮರ ನೋಡಿದ ಮೇಲೆ ತಾನೇ ಬಿಚ್ಚಿ ಅದರ ಕೊಂಬೆಗೆ ಕಟ್ಟೋದು? ನಾನಿನ್ನೂ ನೋಡಿಲ್ಲ."

"ಕಿಟಕಿ ಆಚೆನೇ ಚೆರಿ ಮರ ಹೂ ಹೊತ್ತು ನಿಂತಿದೆ ತಾಯಿ!"

"ಪರದೆ ಎತ್ತಿದ್ರೆ ಸ್ಕ್ಯಾನ್ ಕಾಣಲ್ಲ ಅಕ್ಕ."

ಅದೇನೋ ನಿಜವೇ. ಆದರೆ ತಾನು ಎರಡು ವಾರದಿಂದ ಆಂಬುಲೆನ್ಸ್ ಬರುವ ಹಿಂದಿನ ಗೇಟಿನಿಂದ, ಒಂದು ಗಿಡವೂ ಇಲ್ಲದ ದಾರಿಯಲ್ಲಿ ಬರುತ್ತಿರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸ್ಟೋಯಾಂಕಾ ಗೊಣಗುತ್ತ ಹೋದಳು. ಅಸೆನ್ ತಲೆ ಎತ್ತದೆ ಕೊನೆಯ ಸ್ಕ್ಯಾನ್ ತೆರೆದ.

ಬಸ್ ಡ್ರೈವರ್ ಒಬ್ಬನದು. ಸೋಮವಾರ ಆಪರೇಷನ್. ಕೆಂಪು ಗೆರೆ, ಬಿಳಿ ಗೆರೆ ಎರಡೂ ಗಡ್ಡೆಯನ್ನು ಸುತ್ತಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಆದರೆ ದೂರದ ಮೂಲೆಯಲ್ಲಿ ಬಿಳಿ ಗೆರೆ ಇನ್ನೊಂದು ಪುಟ್ಟ ಸುತ್ತು ಹಾಕಿತ್ತು. ಅಲ್ಲಿ ಕೆಂಪು ಇರಲಿಲ್ಲ.

"ಎಡವಿತು ನೋಡಿ," ಎಂದ ಅಸೆನ್, ಮೆಲ್ಲಗೆ. "ಏನೂ ಇಲ್ಲದ ಕಡೆ ಗೆರೆ. ಇನ್ನೂ ಒಂದು ತಿಂಗಳ ಕೆಲಸ ಇದೆ. ಅಲ್ವಾ?"

ಹೌದು ಎಂದರೆ ಮುಗಿಯಿತು. ಇನ್ನೊಂದು ತಿಂಗಳು ಅವನು ಪಕ್ಕದ ಕುರ್ಚಿಯಲ್ಲಿ. ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು.

ಅವಳು ಮೌಸ್ ಹಿಡಿದಳು. ಹಿಂದೆ, ಮುಂದೆ, ಮತ್ತೆ ಹಿಂದೆ. ರಕ್ತನಾಳದ ನೆರಳಿನಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು.

"ಎಡವಿದ್ದು ಯಂತ್ರ ಅಲ್ಲ. ನಾನು." ಅವಳು ತಕ್ಷಣ ಸರ್ಜನ್‌ಗೆ ಫೋನ್ ಮಾಡಿ, ಆಪರೇಷನ್‌ಗೆ ಮೊದಲು ಇನ್ನೊಂದು ಜಾಗವನ್ನೂ ನೋಡಬೇಕೆಂದು ಹೇಳಿದಳು. ಫೋನ್ ಇಟ್ಟು, ಅವನ ಕಡೆ ನೋಡದೆ ಅಂದಳು: "ಪಾಸು. ನಿಮ್ಮ ರೈಲು ಎಷ್ಟು ಗಂಟೆಗೆ?"

ಅಸೆನ್ ಶರ್ಟಿನ ತೋಳು ಮೇಲೆ ಸರಿಸಿದ. ಅವಳು ಕಟ್ಟಿದ ದಾರ ಅವನ ಕೈಯಲ್ಲೂ ಹಾಗೇ ಇತ್ತು.

"ನೀವು ದಿನಾ ಆ ಮರದ ಕೆಳಗೇ ಬರ್ತೀರಲ್ಲ!"

"ಕಣ್ಣು ಮುಚ್ಕೊಂಡು." ಅವನು ಹಣೆಯ ಬುಗುಟು ಮುಟ್ಟಿಕೊಂಡ.

ರಾಲಿತ್ಸಾಗೆ ನಗು ಬಂತು, ಅದರ ಹಿಂದೆಯೇ ಅಳು. "ಇದನ್ನ ಬಿಚ್ಚಿದ್ರೆ ನೀನು ಹೋಗ್ಬಿಡ್ತೀಯ ಅನ್ನಿಸ್ತಿತ್ತು ಕಣೋ. ನೀನಿಲ್ಲದೆ ಈ ಕೋಣೇಲಿ ಕೂರೋಕಾಗಲ್ಲ ನಂಗೆ."

"ನಿನ್ನ ಕೈ ಕಲಿಯೋಕೆ ಯಂತ್ರಕ್ಕೆ ಒಂದು ಚಳಿಗಾಲ ಸಾಕಾಯ್ತು," ಎಂದ ಅವನು. "ನಾನು ದಡ್ಡ, ನಂಗೆ ಸಾಲಲ್ಲ. ಕೆಲಸ ಎಲ್ಲಿಂದ ಬೇಕಾದ್ರೂ ಮಾಡ್ಬಹುದು. ನೀನು ಇರು ಅಂದ್ರೆ, ಇರ್ತೀನಿ."

"ಇರು."

ಅವಳೇ ಎದ್ದು ಕಿಟಕಿಯ ಹಗ್ಗ ಎಳೆದಳು. ಕೋಣೆಯೊಳಗೆ ಬೆಳಕು ನುಗ್ಗಿ ಸ್ಕ್ಯಾನುಗಳೆಲ್ಲ ಮಸುಕಾದವು. ಹೊರಗೆ ಚೆರಿ ಮರದ ಹೂವಿನ ನಡುವೆ ಆಸ್ಪತ್ರೆಯವರೆಲ್ಲ ಕಟ್ಟಿದ ದಾರಗಳು ಗಾಳಿಗೆ ಅಲ್ಲಾಡುತ್ತಿದ್ದವು.

"ಯಾರದು ಪರದೆ ಎತ್ತಿದ್ದು?" ಪಡಸಾಲೆಯಿಂದ ಸ್ಟೋಯಾಂಕಾ ಕೂಗಿದಳು. "ಸ್ಕ್ಯಾನ್ ಕಾಣಲ್ವಂತಲ್ಲ!"

"ಮರ ಕಾಣಿಸ್ತಿದೆ ಅಕ್ಕ," ಎಂದು ರಾಲಿತ್ಸಾ ಅಸೆನ್‌ಗೆ ಮಣಿಕಟ್ಟು ಚಾಚಿದಳು.